ಮೊದಲು ಮರ, ಆಮೇಲೆ ಹಕ್ಕಿ: ಕಾಳಿ ಸೀಮೆಯ ಮಂಗಟ್ಟೆಗಳು ಮತ್ತು ನೆರೆಹೊರೆಯವರು

ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಲಾಂಛನದಲ್ಲಿ ಭಾರೀ ಕೊಕ್ಕಿನ ಹಕ್ಕಿಯೊಂದಿದೆ: ಮಂಗಟ್ಟೆ, ಇಂಗ್ಲಿಷಿನಲ್ಲಿ ಹಾರ್ನ್‌ಬಿಲ್. ಸೊಸೈಟಿಯ ಕಟ್ಟಡಕ್ಕೂ ಹಾರ್ನ್‌ಬಿಲ್ ಹೌಸ್ ಎಂದೇ ಹೆಸರು. ಆ ಲಾಂಛನಕ್ಕೆ ಕಾರಣವಾದ ಹಕ್ಕಿ ನಮ್ಮ ಉತ್ತರ ಕನ್ನಡದಿಂದ ಹೋದದ್ದು. 1894ರ ಮೇ ತಿಂಗಳಲ್ಲಿ ಹುಟ್ಟಿದ ದೊಡ್ಡ ಮಂಗಟ್ಟೆಯ ಮರಿಯೊಂದನ್ನು, ಅದಕ್ಕೆ ಮೂರು ತಿಂಗಳಾದಾಗ, ಕಾರವಾರದ ಎಚ್. ಇಂಗಲ್ ಎಂಬವರು ಸೊಸೈಟಿಗೆ ಕೊಟ್ಟರು. ಅದಕ್ಕೆ ವಿಲಿಯಂ ಎಂದು ಹೆಸರಾಯಿತು. ಮೂರು ವರ್ಷ ತುಂಬುವಷ್ಟರಲ್ಲಿ ಕೊಕ್ಕಿನಿಂದ ಬಾಲದ ತುದಿಯವರೆಗೆ ನಾಲ್ಕೂಕಾಲು ಅಡಿ ಬೆಳೆದ ವಿಲಿಯಂ ಕಾಡು ಅತ್ತಿಹಣ್ಣಿನ ಜೊತೆಗೆ ಇಲಿ, ಚೇಳು, ಹಸಿಮಾಂಸವನ್ನೂ ನುಂಗುತ್ತಿತ್ತು. ನೀರು ಮಾತ್ರ ಕುಡಿಯುತ್ತಲೇ ಇರಲಿಲ್ಲವಂತೆ. 1920ರವರೆಗೆ ಅದು ಸೊಸೈಟಿಯ ಕಚೇರಿಯಲ್ಲೇ ಬದುಕಿತು. 1933ರಲ್ಲಿ ಸಂಸ್ಥೆಗೆ ಐವತ್ತು ತುಂಬಿದಾಗ ಲಾಂಛನವಾಯಿತು. ಕಾಡಿನ ಹಕ್ಕಿ ಕಾಲು ಶತಮಾನ ಕಚೇರಿಯೊಳಗೆ ಕಳೆದದ್ದು ಇವತ್ತಿನ ಕಣ್ಣಿಗೆ ಖುಷಿಯ ಸಂಗತಿಯೇನಲ್ಲ. ಆದರೂ ದೇಶದ ಪಕ್ಷಿಶಾಸ್ತ್ರದ ಗುರುತಿನ ಚೀಟಿಯಲ್ಲಿ ನಮ್ಮ ಜಿಲ್ಲೆಯ ಹಕ್ಕಿ ಕೂತಿರುವುದು ಇಲ್ಲಿಯವರಿಗೇ ಗೊತ್ತಿಲ್ಲವಲ್ಲ ಎಂದು ಬೇಸರವಾಗುತ್ತದೆ.

ವಿಲಿಯಂನ ಬಳಗವನ್ನು ಕಾಡಿನಲ್ಲೇ ನೋಡಬೇಕೆನ್ನುವವರಿಗೆ ದಾಂಡೇಲಿ, ಜೊಯಿಡಾ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಷ್ಟು ಅನುಕೂಲದ ಜಾಗ ರಾಜ್ಯದಲ್ಲಿ ಇನ್ನೊಂದಿಲ್ಲ. ಭಾರತದಲ್ಲಿರುವ ಮಂಗಟ್ಟೆ ಜಾತಿಗಳು 9. ದಕ್ಷಿಣ ಭಾರತಕ್ಕೆ ದಕ್ಕಿದ್ದು 4. ಆ ನಾಲ್ಕೂ ಇಲ್ಲಿವೆ.

ಅಂಡಮಾನಿನ ನಾರ್ಕೊಂಡಂ ಎಂಬ ಜ್ವಾಲಾಮುಖಿ ದ್ವೀಪಕ್ಕೆ ತನ್ನದೇ ಒಂದು ಮಂಗಟ್ಟೆಯಿದೆ. ಏಳು ಚದರ ಕಿ.ಮೀ.ಯಷ್ಟಿರುವ ಆ ನಡುಗಡ್ಡೆ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದು ಸಿಗದು. ಹಾಗೆ ನೋಡಿದರೆ ಪಶ್ಚಿಮ ಘಟ್ಟದ ಕಾಡೂ ಹಕ್ಕಿಗಳ ಪಾಲಿಗೆ ದ್ವೀಪವೇ. ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಬಯಲುಸೀಮೆ, ನಡುವೆ ಕಿರಿದಾದ ಹಸಿರು ಪಟ್ಟಿ. ಮಲೆ ಬೂದು ಮಂಗಟ್ಟೆ, ನೀಲಿ ರೆಕ್ಕೆಯ ಗಿಳಿಗಳು ಈ ಪಟ್ಟಿಯಾಚೆಗೆ ಹೋಗಿ ಸಂಸಾರ ಹೂಡಿದ್ದಿಲ್ಲ. ಕೆಲವು ಹಕ್ಕಿಗಳಿಗೆ ಮಾತ್ರ ಶ್ರೀಲಂಕಾದಲ್ಲೂ ಬಂಧುಗಳಿದ್ದಾರೆ.

ಈ ದ್ವೀಪದ ಅಂಚು ಎಲ್ಲಿ ಮುಗಿಯುತ್ತದೆ ಎಂಬುದನ್ನು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಒಂದೇ ದಿನದಲ್ಲಿ ನೋಡಬಹುದು. ಜೊಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್‌ನಲ್ಲಿ ವರ್ಷಕ್ಕೆ 5,000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ. ಹಳಿಯಾಳಕ್ಕೆ ಬರುವಷ್ಟರಲ್ಲಿ ಅದು ಕಾಲು ಭಾಗಕ್ಕೆ ಇಳಿದಿರುತ್ತದೆ. ಅಣಶಿಯ ನಿತ್ಯಹರಿದ್ವರ್ಣ ಕಾಡು, ದಾಂಡೇಲಿಯ ಮತ್ತಿ, ನಂದಿ, ಕಿಂದಳ, ಬಿದಿರಿನ ಕಾಡು, ಹಳಿಯಾಳದ ಸಾಗುವಾನಿ, ಮುಂಡಗೋಡದ ಭತ್ತದ ಗದ್ದೆ ಮತ್ತು ಕೆರೆ. ಮಳೆ ಕಡಿಮೆಯಾದಂತೆ ಮರ ಬದಲಾಗುತ್ತದೆ, ಮರ ಬದಲಾದಂತೆ ಹಕ್ಕಿ. ಇದಿಷ್ಟು ತಲೆಯಲ್ಲಿದ್ದರೆ ಅರ್ಧ ಕೆಲಸ ಆದಂತೆ.

ನಾಲ್ವರನ್ನು ಗುರುತಿಸುವುದು ಹೇಗೆ

ದೊಡ್ಡ ಮಂಗಟ್ಟೆಯನ್ನು ದಾಸ ಮಂಗಟ್ಟೆ ಎನ್ನುವವರೂ ಇದ್ದಾರೆ. ಕಣ್ಣಿಗೆ ಬೀಳುವ ಮುಂಚೆ ಇದು ಕಿವಿಗೆ ಬೀಳುತ್ತದೆ. ರೆಕ್ಕೆಯ ದೊಡ್ಡ ಗರಿಗಳ ಬುಡವನ್ನು ಕೆಳಗಿನಿಂದ ಮುಚ್ಚುವ ಸಣ್ಣ ಗರಿಗಳು ಮಂಗಟ್ಟೆಗಳಿಗೆ ಇಲ್ಲ. ಹಾಗಾಗಿ ಪ್ರತಿ ಬಡಿತಕ್ಕೂ ಗಾಳಿ ಗರಿಗಳ ಸಂದಿಯಲ್ಲಿ ನುಗ್ಗಿ ಉಸ್ ಉಸ್ ಎಂದು ಜೋರಾಗಿ ಸದ್ದಾಗುತ್ತದೆ. ಹಾರುವಾಗ ಬಾಲ ನೋಡಿ: ಬಿಳಿ ಬಾಲಕ್ಕೆ ಅಡ್ಡಲಾಗಿ ಒಂದೇ ಕಪ್ಪು ಪಟ್ಟಿ ಇದ್ದರೆ ಅನುಮಾನವೇ ಬೇಡ. ಕುತ್ತಿಗೆ ಮತ್ತು ರೆಕ್ಕೆಯ ಬಿಳಿಗರಿಗಳ ಮೇಲೆ ಕಾಣುವ ಹಳದಿ ಹುಟ್ಟಿನಿಂದ ಬಂದ ಬಣ್ಣವಲ್ಲ. ಬಾಲದ ಬುಡದ ಗ್ರಂಥಿಯಿಂದ ಒಸರುವ ಎಣ್ಣೆಯನ್ನು ಹಕ್ಕಿ ತಲೆಯುಜ್ಜಿ ಎತ್ತಿಕೊಂಡು ಗರಿಗೂ ಕೊಕ್ಕಿಗೂ ತಾನೇ ಬಳಿದುಕೊಳ್ಳುತ್ತದೆ. ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿ. ದುರ್ಬೀನಿನಲ್ಲಿ ಇದು ಸಲೀಸಾಗಿ ಕಾಣುತ್ತದೆ.

ದಾಂಡೇಲಿಗೆ ಹೆಸರು ತಂದದ್ದು ಮಾತ್ರ ಇದಲ್ಲ, ಕಪ್ಪು-ಬಿಳಿ ಬಣ್ಣದ ಮಲಬಾರ್ ಪೈಡ್ ಹಾರ್ನ್‌ಬಿಲ್. ಕಾಳಿ ನದಿಯ ದಂಡೆಯೇ ಇದರ ಮನೆ. ಹೊಳೆಬದಿಯ ಎತ್ತರದ ಮರಗಳನ್ನು ಬಿಟ್ಟು ದೂರ ಹೋಗುವ ಹಕ್ಕಿ ಇದಲ್ಲ. ಮೈ ಕಪ್ಪು, ಹೊಟ್ಟೆ ಬಿಳಿ, ಕೊಕ್ಕಿನ ಮೇಲಿನ ಹಳದಿ ಕೊಂಬಿನಲ್ಲಿ ದೊಡ್ಡ ಕಪ್ಪು ಮಚ್ಚೆ. ಹೆಣ್ಣಿಗೆ ಕಣ್ಣಿನ ಸುತ್ತ ಬಿಳಿಚಿದ ಚರ್ಮ. ಮರಿ ಮಾಡುವ ಕಾಲ ಮುಗಿದ ಮೇಲೆ ಇವು ಗುಂಪುಗೂಡುತ್ತವೆ. ಸಂಜೆ ಹೊಳೆಯ ಮೇಲೆ ಒಂದರ ಹಿಂದೊಂದು ಹಾರುತ್ತಾ ರಾತ್ರಿ ತಂಗುವ ಮರಕ್ಕೆ ಹೋಗುವುದನ್ನು ನೋಡಲು ಕಾಡಿನೊಳಗೆ ಕಾಲಿಡಬೇಕಾಗಿಯೂ ಇಲ್ಲ.

ಮಲೆ ಬೂದು ಮಂಗಟ್ಟೆಗೆ ಕೊಂಬೇ ಇಲ್ಲ. ಮೈ ಬೂದು, ಹುಬ್ಬು ಬಿಳಿ, ಕೂಗು ಯಾರೋ ಒರಟಾಗಿ ಗಹಗಹಿಸಿ ನಕ್ಕಂತೆ. ದಟ್ಟ ಕಾಡಿನದಾದರೂ ಜೊಯಿಡಾ ಕಡೆ ಅಡಿಕೆ ತೋಟದ ಅಂಚಿಗೂ ಬರುತ್ತದೆ. ನಾಲ್ಕನೆಯದು ಬಯಲಿನ ಬೂದು ಮಂಗಟ್ಟೆ. ಇದಕ್ಕೆ ಚೂಪಾದ ಸಣ್ಣ ಕೊಂಬು, ಉದ್ದ ಬಾಲ, ಬಾಲದ ತುದಿಯಲ್ಲಿ ಬಿಳಿ. ಹಳಿಯಾಳ, ಮುಂಡಗೋಡದ ಊರೊಳಗಿನ ಆಲ, ಅರಳಿ, ಬೇವಿನ ಮರಗಳಲ್ಲಿ ಹುಡುಕಿ. ಎರಡು ಬೂದು ಮಂಗಟ್ಟೆಗಳಲ್ಲಿ ಗೊಂದಲವಾದರೆ ಕೊಂಬು ಇದೆಯೋ ಇಲ್ಲವೋ ಅಷ್ಟೇ ನೋಡಿ, ಉಳಿದ ವಿವರ ಆಮೇಲೆ.

ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ದೊಡ್ಡ ಮಂಗಟ್ಟೆ 2018ರಲ್ಲಿ, ಮಲೆ ಬೂದು ಮಂಗಟ್ಟೆ 2020ರಲ್ಲಿ ಅಪಾಯಕ್ಕೀಡಾಗಬಲ್ಲವುಗಳ ಸಾಲಿಗೆ ಸೇರಿದವು. ಬಯಲಿನದು ಸದ್ಯಕ್ಕೆ ಸುರಕ್ಷಿತ.

ಹಣ್ಣಿನ ಮರದ ಕೆಳಗೆ

ಹೊಸಬರು ಮಾಡುವುದು ಒಂದೇ ಕೆಲಸ: ಜೀಪು ಹತ್ತಿ ಹಕ್ಕಿಯ ಹಿಂದೆ ಸುತ್ತುವುದು. ಇಲ್ಲಿಯ ಅನುಭವಸ್ಥ ಮಾರ್ಗದರ್ಶಿಗಳು ಹಕ್ಕಿಯ ಸುದ್ದಿಗಿಂತ ಮೊದಲು ಮರದ ಸುದ್ದಿ ಕೇಳುತ್ತಾರೆ. ಎಲ್ಲಿ ಅತ್ತಿ ಹಣ್ಣಾಗಿದೆ, ಎಲ್ಲಿ ಬಸರಿ ಕೆಂಪಾಗಿದೆ ಎಂದು. ಆಲ, ಅತ್ತಿ, ಬಸರಿ, ಗೋಳಿ ಜಾತಿಯ ಮರಗಳು ಒಟ್ಟಿಗೇ ಹಣ್ಣು ಬಿಡುವುದಿಲ್ಲ. ಕಾಡಿನ ಒಂದಲ್ಲ ಒಂದು ಮೂಲೆಯಲ್ಲಿ ವರ್ಷವಿಡೀ ಯಾವುದಾದರೂ ಮರದಲ್ಲಿ ಹಣ್ಣಿರುತ್ತದೆ. ಬೇಸಿಗೆಯಲ್ಲಿ ಬೇರೆ ಹಣ್ಣು ಇಲ್ಲದಾಗ ಮಂಗಟ್ಟೆಗಳ ಜೀವ ಉಳಿಸುವುದು ಇವೇ. ವಿಲಿಯಂಗೆ ನೀರು ಯಾಕೆ ಬೇಕಿರಲಿಲ್ಲ ಎಂಬುದಕ್ಕೂ ಉತ್ತರ ಈ ರಸಭರಿತ ಹಣ್ಣುಗಳಲ್ಲೇ ಇದೆ.

ಹಣ್ಣಾದ ಬಸರಿ ಮರ ಸಿಕ್ಕಿತೆನ್ನಿ. ಮೂವತ್ತು ನಲವತ್ತು ಹೆಜ್ಜೆ ದೂರದಲ್ಲಿ, ಬೆನ್ನಿಗೆ ಇನ್ನೊಂದು ಮರ ಇರುವಂತೆ ಕುಳಿತುಬಿಡಿ. ಕುಟುರ ಹಕ್ಕಿ, ಪಿಕಳಾರ, ಹಸಿರು ಪಾರಿವಾಳ, ಕಾಡು ಮೈನಾ ಒಂದೊಂದಾಗಿ ಬರುತ್ತವೆ. ಗಾಢ ನೀಲಿ ಬೆನ್ನಿನ ಫೇರಿ ಬ್ಲೂಬರ್ಡ್ ಬಂದರೆ ಅವತ್ತಿನ ಅದೃಷ್ಟ ಚೆನ್ನಾಗಿದೆ ಎಂದುಕೊಳ್ಳಿ. ಪಿಕಳಾರಗಳಲ್ಲಿ ಕೊರಳಿಗೆ ಕೆಂಡದ ಬಣ್ಣ, ಮೈಗೆ ಹಳದಿ, ತಲೆಗೆ ಕಪ್ಪು ಇರುವುದನ್ನು ಗಮನಿಸಿ. ಪಕ್ಕದ ಗೋವಾದ ರಾಜ್ಯ ಪಕ್ಷಿ ಅದೇ. ಮಂಗಟ್ಟೆ ಹಣ್ಣನ್ನು ಕೊಕ್ಕಿನ ತುದಿಯಲ್ಲಿ ಹಿಡಿದು, ತಲೆ ಹಿಂದಕ್ಕೆಸೆದು, ಗಾಳಿಯಲ್ಲಿ ಹಾರಿಸಿ ಗಂಟಲಿಗೆ ಹಾಕಿಕೊಳ್ಳುತ್ತದೆ. ಅದರ ನಾಲಿಗೆ ಗಿಡ್ಡ, ಕೊಕ್ಕಿನ ತುದಿಗೆ ಎಟುಕದು. ಬೇರೆ ದಾರಿಯಿಲ್ಲ.

ಅತ್ತಿ ಜಾತಿಯ ಹಣ್ಣು ಮಾತ್ರವಲ್ಲ, ರಾಮಪತ್ರೆಯಂಥ ದಪ್ಪ ಬೀಜದ ಹಣ್ಣುಗಳನ್ನೂ ಮಂಗಟ್ಟೆ ಇಡಿಯಾಗಿ ನುಂಗಿ, ಬೀಜವನ್ನು ದೂರದಲ್ಲೆಲ್ಲೋ ಕಕ್ಕುತ್ತದೆ. ಸಣ್ಣ ಹಕ್ಕಿಗಳಿಂದ ಆಗದ ಕೆಲಸ ಇದು. ಬೀಜಕ್ಕೆ ವಿಷದ ಹೆಸರಿರುವ ಕಾಸರಕದ ಹಣ್ಣನ್ನೂ ಇವು ಬಿಡುವುದಿಲ್ಲ.

ಮೆತ್ತಿ ಮುಚ್ಚಿದ ಬಾಗಿಲು

ಮಂಗಟ್ಟೆಯ ಸಂಸಾರದ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ದೊಡ್ಡ ಮಂಗಟ್ಟೆಗಳಲ್ಲಿ ಜನವರಿ-ಫೆಬ್ರುವರಿಯ ಹೊತ್ತಿಗೆ ಹೆಣ್ಣು ಹಳೆಯ ಮರದ ಪೊಟರೆಯೊಳಗೆ ಸೇರಿಕೊಳ್ಳುತ್ತದೆ. ಪೊಟರೆಯನ್ನು ತಾನೇ ಕೊರೆಯುವ ಶಕ್ತಿ ಆ ಭಾರೀ ಕೊಕ್ಕಿಗೆ ಇಲ್ಲ. ಕೊಂಬೆ ಮುರಿದು ಕೊಳೆತ ಜಾಗ, ಮರಕುಟಿಗ ಮಾಡಿದ ತೂತು ವರ್ಷಗಟ್ಟಲೆ ಹಿಗ್ಗಿದ ಜಾಗ, ಇಂಥದ್ದನ್ನೇ ಕಾಯಬೇಕು. ಒಳಸೇರಿದ ಮೇಲೆ ತನ್ನ ಹಿಕ್ಕೆ, ಹಣ್ಣಿನ ತಿರುಳು, ಪೊಟರೆಯ ಪುಡಿಯನ್ನು ಕಲಸಿ, ಕೊಕ್ಕಿನ ಪಕ್ಕದಿಂದ ತಟ್ಟಿ ತಟ್ಟಿ ಬಾಗಿಲನ್ನು ಮುಚ್ಚುತ್ತದೆ. ಕೊನೆಗೆ ಉಳಿಯುವುದು ನಿಲುವಾದ ಒಂದು ಸೀಳು. ಒಣಗಿದರೆ ಆ ಗೋಡೆ ಉಗುರಿಗೆ ಬಗ್ಗದಷ್ಟು ಗಟ್ಟಿ.

ಒಳಗೆ ಒಂದು ಅಥವಾ ಎರಡು ಮೊಟ್ಟೆ. ಕಾವು ಸುಮಾರು 40 ದಿನ. ಇದೇ ಸಮಯದಲ್ಲಿ ಹೆಣ್ಣು ರೆಕ್ಕೆ, ಬಾಲದ ಹಳೆಯ ಗರಿಗಳನ್ನು ಉದುರಿಸಿ ಹೊಸದನ್ನು ಬೆಳೆಸಿಕೊಳ್ಳುತ್ತದೆ. ಅಂದರೆ ಹಾರುವ ಸ್ಥಿತಿಯಲ್ಲೇ ಇರುವುದಿಲ್ಲ. ತಿಂಗಳುಗಟ್ಟಲೆ ಊಟ ಗಂಡಿನದು. ಅದು ನೇರವಾಗಿ ಗೂಡಿಗೆ ಬರುವುದಿಲ್ಲ. ಮೊದಲು ಪಕ್ಕದ ಮರದಲ್ಲಿ ಕೂತು ಆಚೀಚೆ ನೋಡುತ್ತದೆ. ಆಮೇಲೆ ಕಾಂಡಕ್ಕೆ ಕಾಲೂರಿ, ಬಾಲವನ್ನು ಆನಿಕೆ ಕೊಟ್ಟು, ಗಂಟಲಿನಿಂದ ಒಂದೊಂದೇ ಹಣ್ಣನ್ನು ಮೇಲಕ್ಕೆ ತಂದು ಕೊಕ್ಕಿನ ತುದಿಯಿಂದ ಸೀಳಿನೊಳಗೆ ಕೊಡುತ್ತದೆ. ಒಂದು, ಎರಡು, ಮೂರು, ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ಮಧ್ಯೆ ಮಧ್ಯೆ ಹಲ್ಲಿಯೋ ಓತಿಕ್ಯಾತವೋ ಬರುವುದೂ ಉಂಟು. ಮರಿಗೆ ಮಾಂಸಸತ್ವ ಬೇಕಲ್ಲ. ಒಳಗಿನ ಕಸ, ಹಿಕ್ಕೆ ಎಲ್ಲ ಅದೇ ಸೀಳಿನಿಂದ ಹೊರಕ್ಕೆ. ಹಾಗಾಗಿ ಗೂಡಿನ ಮರದ ಬುಡದಲ್ಲಿ ಹಣ್ಣಿನ ಬೀಜಗಳೂ ಎಳೆ ಸಸಿಗಳೂ ಕಾಣುತ್ತವೆ.

ದೊಡ್ಡ ಮಂಗಟ್ಟೆಯ ತಾಯಿ ಮರಿಗಿಂತ ಮೊದಲೇ ಗೋಡೆ ಒಡೆದು ಹೊರಬಂದು ಗಂಡಿನ ಜೊತೆ ದುಡಿಮೆಗೆ ಇಳಿಯುತ್ತದೆ. ಒಳಗಿನ ಮರಿ ಗೋಡೆಯನ್ನು ಮತ್ತೆ ಮುಚ್ಚಿಕೊಳ್ಳುತ್ತದೆ. ಮಲೆ ಬೂದು ಮಂಗಟ್ಟೆಯ ತಾಯಿ ಹಾಗಲ್ಲ, ಮರಿಗಳ ಜೊತೆಯಲ್ಲೇ ಹೊರಬರುವುದು.

ಇಷ್ಟೆಲ್ಲ ಹೇಳಿದ ಮೇಲೆ ಫೋಟೋಗ್ರಾಫರ್ ಮಿತ್ರರಿಗೆ ಒಂದು ಖಡಕ್ ಮಾತು. ಗೂಡಿನ ಮರದ ಕೆಳಗೆ ಟ್ರೈಪಾಡ್ ಹೂಡಬೇಡಿ. ಗಂಡು ಹೆದರಿ ಒಂದು ಹೊತ್ತು ತಡ ಮಾಡಿದರೆ ಒಳಗಿನವರಿಗೆ ಅಷ್ಟು ಹೊತ್ತು ಉಪವಾಸ. ಗಂಡೇ ಇಲ್ಲವಾದರೆ ಆ ಸಂಸಾರದ ಗತಿ ಏನೆಂದು ನೀವೇ ಊಹಿಸಿ. ಬಾಗಿಲು ಮುಚ್ಚಿದ ಗೂಡಿನ ಚಿತ್ರ ಈಗಾಗಲೇ ಸಾವಿರಾರು ಇವೆ, ನಿಮ್ಮದೊಂದು ಕಡಿಮೆಯಾದರೆ ನಷ್ಟವಿಲ್ಲ.

ಎಲ್ಲಿಗೆ, ಯಾವಾಗ

ದಾಂಡೇಲಿ ವನ್ಯಧಾಮ ಘೋಷಣೆಯಾದದ್ದು 1956ರಲ್ಲಿ, ಅಣಶಿ ರಾಷ್ಟ್ರೀಯ ಉದ್ಯಾನ 1987ರಲ್ಲಿ. 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದಕ್ಕೆ ಕಾಳಿ ಹೆಸರು ಬಂದದ್ದು 2015ರಲ್ಲಿ. ಹುಲಿಯ ಹೆಸರಿನ ಗದ್ದಲದಲ್ಲಿ ಮರೆತುಹೋಗುವ ಸಂಗತಿಯೆಂದರೆ, 2011ರಲ್ಲಿ ಕಾಳಿ ದಂಡೆಯ ಸುಮಾರು 52 ಚದರ ಕಿ.ಮೀ. ಕಾಡನ್ನು ಮಂಗಟ್ಟೆಗಳಿಗೆಂದೇ ದಾಂಡೇಲಿ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಎಂದು ಗುರುತಿಸಲಾಗಿದೆ. 2018ರಲ್ಲಿ ಅರಣ್ಯ ಇಲಾಖೆ ಹಾರ್ನ್‌ಬಿಲ್ ಹಬ್ಬವನ್ನೂ ಶುರುಮಾಡಿತು.

ದಾಂಡೇಲಿಯಲ್ಲಿ ಉಳಿದವರು ಬೆಳಕು ಹರಿಯುವ ಹೊತ್ತಿಗೆ ಮರದ ಡಿಪೋದ ಸುತ್ತಮುತ್ತ ಇರಬೇಕು. ಒಳಗೆ ಹೋಗುವುದಾದರೆ ಕಚೇರಿಯಲ್ಲಿ ಅನುಮತಿ ಕೇಳಿ. ಕುಳಗಿಯ ಪ್ರಕೃತಿ ಶಿಬಿರದ ಆವರಣವೇ ಒಳ್ಳೆಯ ಪಕ್ಷಿಧಾಮದಂತಿದೆ. ಫಣಸೋಲಿಯ ಜೀಪ್ ಸಫಾರಿ ಹಕ್ಕಿ ನೋಡುವವರಿಗೆ ನನ್ನ ಮಟ್ಟಿಗೆ ಅಷ್ಟಕ್ಕಷ್ಟೆ. ಎಂಜಿನ್ ಸದ್ದಿನಲ್ಲಿ ಅರ್ಧ ಹಕ್ಕಿಗಳು ಕೇಳಿಸುವುದೇ ಇಲ್ಲ.

ಜೊಯಿಡಾ ರಸ್ತೆಯಲ್ಲಿ ಸಿಗುವ ಗಣೇಶಗುಡಿಗೆ ಮಾತ್ರ ಎರಡು ದಿನ ಇಟ್ಟುಕೊಳ್ಳಿ. ಸೂಪಾ ಅಣೆಕಟ್ಟು ಕಟ್ಟುವಾಗ ಸ್ಫೋಟಕ ಇಡುತ್ತಿದ್ದ ಜಾಗ ಈಗ ಓಲ್ಡ್ ಮ್ಯಾಗಜಿನ್ ಹೌಸ್ ಎಂಬ ಜಂಗಲ್ ಲಾಡ್ಜಸ್ ವಸತಿತಾಣ. ಅಲ್ಲಿ ಹಕ್ಕಿಗಳಿಗಾಗಿ ಇಟ್ಟಿರುವ ನೀರಿನ ತೊಟ್ಟಿಗಳು ದೇಶದ ಛಾಯಾಗ್ರಾಹಕರಿಗೆಲ್ಲ ಗೊತ್ತು. ಫೆಬ್ರುವರಿಯಿಂದ ಮೇ ತನಕ, ಕಾಡಿನ ಝರಿಗಳು ಬತ್ತಿದಂತೆ, ಮಧ್ಯಾಹ್ನದ ಮೇಲೆ ಅಲ್ಲಿ ಸರದಿಯೇ ಹತ್ತುತ್ತದೆ. ತೊಟ್ಟಿಗೆ ನೀರು ಇಡುವುದು ತಪ್ಪಲ್ಲ ಎಂಬುದು ನನ್ನ ಅಭಿಪ್ರಾಯ, ಹುಳು ಎರಚಿ ಕರೆಯುವುದು ತಪ್ಪು.

ಗಣೇಶಗುಡಿ, ಕ್ಯಾಸಲ್‌ರಾಕ್, ಅಣಶಿಯ ದಟ್ಟ ಕಾಡಿನಲ್ಲಿ ಹುಡುಕಬೇಕಾದ ಹಕ್ಕಿಗಳಲ್ಲಿ ಮೊದಲನೆಯದು ಕಾಕರಣೆ ಹಕ್ಕಿ. ಗಂಡಿಗೆ ಉಜ್ವಲ ಕೆಂಪು ಎದೆ. ಆದರೆ ಮನುಷ್ಯರ ಸುಳಿವು ಸಿಕ್ಕರೆ ಮಂಕು ಬಣ್ಣದ ಬೆನ್ನನ್ನೇ ನಮ್ಮ ಕಡೆ ತಿರುಗಿಸಿ ಅಲುಗದೆ ಕೂರುತ್ತದೆ. ಕೆಂಪು ಕಾಣಬೇಕೆಂದರೆ ಹತ್ತಿರ ಹೋಗಬೇಡಿ, ನಿಂತಲ್ಲೇ ಕಾಯಿರಿ. ಎರಡನೆಯದು ಕಪ್ಪೆಬಾಯಿಯ ಫ್ರಾಗ್‌ಮೌತ್, ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾದ ಸ್ವತ್ತು. ಹಗಲಿಡೀ ಗಂಡು-ಹೆಣ್ಣು ತಗ್ಗಿನ ಕಡ್ಡಿಯ ಮೇಲೆ ಮೈಗೆ ಮೈ ತಾಗಿಸಿ ಕೂತಿರುತ್ತವೆ. ಬೂದಿ ಬಣ್ಣದ್ದು ಗಂಡು, ಕಂದುಗೆಂಪಿನದು ಹೆಣ್ಣು. ಪಾಚಿಯಿಂದ ಮಾಡಿದ ಅಂಗೈಗಿಂತ ಸಣ್ಣ ಗೂಡಿನಲ್ಲಿ ಒಂದೇ ಮೊಟ್ಟೆ, ಹಗಲು ಕಾವು ಕೊಡುವುದು ಗಂಡು. ಸ್ಥಳೀಯ ಮಾರ್ಗದರ್ಶಿ ಇಲ್ಲದೆ ಇದನ್ನು ಕಾಣುವುದು ಕನಸಿನ ಮಾತು, ಮೂಗಿನ ಮುಂದಿದ್ದರೂ ತರಗೆಲೆ ಅನ್ನಿಸುತ್ತದೆ.

ಭೀಮರಾಜನನ್ನು ಹುಡುಕಬೇಕಿಲ್ಲ. ಬಾಲದ ಎರಡು ತಂತಿಯ ತುದಿಗೆ ಗರಿಯ ಗೊಂಡೆ ಕಟ್ಟಿಕೊಂಡ ಈ ಕಾಜಾಣ ತಾನಾಗಿ ಬರುತ್ತದೆ. ಬೇರೆ ಹಕ್ಕಿಗಳ ದನಿಯನ್ನು ಚೆನ್ನಾಗಿ ಅಣಕಿಸುವುದರಿಂದ, ಕೂಗು ಕೇಳಿ ಪಟ್ಟಿ ಬರೆಯುವವರು ಹುಷಾರಾಗಿರಬೇಕು. ಇದು ಕಂಡರೆ ಸುತ್ತ ನೋಡಿ, ಹುಳ ಹಿಡಿಯುತ್ತ ಸಾಗುವ ಹತ್ತಾರು ಹಕ್ಕಿಗಳ ಮಿಶ್ರ ಗುಂಪೊಂದು ಜೊತೆಯಲ್ಲಿರುತ್ತದೆ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ನೆಲದ ತರಗು ಕೆದರುವ ನವರಂಗವೂ ಉತ್ತರದಿಂದ ಬಂದು ಇಲ್ಲಿರುತ್ತದೆ.

ಮಳೆಗಾಲದಲ್ಲಿ ಹಕ್ಕಿ ನೋಡಲು ಯಾರು ಹೋಗುತ್ತಾರೆ ಎಂದು ಕೇಳಬೇಡಿ. ಮುಂಗಾರಿನ ಜೊತೆಗೇ ಬರುವ ಗಿಡ್ಡ ಮಿಂಚುಳ್ಳಿ ಜೂನ್‌ನಲ್ಲಿ ಮಣ್ಣಿನ ಧರೆ ಕೊರೆದು ಗೂಡು ಮಾಡುತ್ತದೆ. ಗೇಣುದ್ದವೂ ಇಲ್ಲದ ಅದರ ಮೈಯಲ್ಲಿ ಹಳದಿ, ಕಿತ್ತಳೆ, ನೀಲಿ, ನೇರಳೆ ಎಲ್ಲ ಇವೆ. ಹಳ್ಳದ ಬಂಡೆಗಳ ಮೇಲೆ ಮಲಬಾರ್ ವಿಸ್ಲಿಂಗ್ ಥ್ರಷ್ ಬೆಳಕು ಹರಿಯುವ ಮೊದಲೇ ಶಿಳ್ಳೆ ಶುರುಮಾಡುತ್ತದೆ. ಆದರೆ ಉಂಬಳಗಳ ಕಾಟಕ್ಕೆ ತಯಾರಾಗಿರಿ, ಸಫಾರಿ ನಡೆಯುತ್ತಿದೆಯೇ ಎಂದು ವಿಚಾರಿಸಿಯೇ ಹೊರಡಿ.

ಮುಂಡಗೋಡದ ಲೋಕವೇ ಬೇರೆ. ಅಲ್ಲಿಯ ಅತ್ತಿವೇರಿ ಪಕ್ಷಿಧಾಮ ಕೇವಲ 2.23 ಚದರ ಕಿ.ಮೀ.ಯದು. ಜಲಾಶಯ, ಸುತ್ತ ಎಲೆಯುದುರುವ ಕಾಡು. ನೀರುಕಾಗೆ ಮುಳುಗೆದ್ದು ಬಂದು ರೆಕ್ಕೆ ಹರವಿ ಒಣಗಿಸಿಕೊಳ್ಳುವುದು, ಚಮಚ ಕೊಕ್ಕಿನ ಹಕ್ಕಿ ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಎಡಕ್ಕೂ ಬಲಕ್ಕೂ ಬೀಸುತ್ತಾ ನಡೆಯುವುದು ಇಲ್ಲಿಯ ನಿತ್ಯದ ನೋಟ. ಚಮಚ ಕೊಕ್ಕು ಕಣ್ಣಿನಿಂದ ಬೇಟೆಯಾಡುವುದಿಲ್ಲ. ಕೊಕ್ಕಿಗೆ ಮೀನು ತಾಗಿದೊಡನೆ ಪಕ್ಕನೆ ಮುಚ್ಚುತ್ತದೆ. ಕಲಕು ನೀರಿದ್ದರೂ ಅದಕ್ಕೆ ಚಿಂತೆಯಿಲ್ಲ. ಬೆಳ್ಳಕ್ಕಿ, ಐಬಿಸ್‌ಗಳೂ ಸಾಕಷ್ಟಿವೆ. ಹುಬ್ಬಳ್ಳಿಯಿಂದ ಒಂದು ಬೆಳಗಿನ ಮಟ್ಟಿಗೆ ಮಕ್ಕಳನ್ನು ಕರೆದುಕೊಂಡು ಹೋಗಲು ಇದಕ್ಕಿಂತ ಸುಲಭದ ಜಾಗ ಹತ್ತಿರದಲ್ಲಿಲ್ಲ.

ಹೊರಡುವ ಮುನ್ನ

8×42 ದುರ್ಬೀನು ಸಾಕು. ಅದಕ್ಕಿಂತ ಹೆಚ್ಚು ಹಿಗ್ಗಿಸುವ ದುರ್ಬೀನು ಕೈ ನಡುಕವನ್ನೂ ಹಿಗ್ಗಿಸುತ್ತದೆ, ಕಾಡಿನ ಮಬ್ಬಿಗೆ ಬೆಳಕೂ ಕಡಿಮೆಯಾಗುತ್ತದೆ. ಬಟ್ಟೆ ಹಸಿರೋ ಮಣ್ಣಿನ ಬಣ್ಣವೋ ಇರಲಿ. ಜೊಯಿಡಾ ಕಾಡಿನಲ್ಲಿ ಮೊಬೈಲ್ ಸಿಗ್ನಲ್ ನಂಬಿ ಹೋಗುವಂತಿಲ್ಲ. ಮರ್ಲಿನ್, ಇಬರ್ಡ್ ಆ್ಯಪ್‌ಗಳ ಮಾಹಿತಿಯನ್ನು ಊರಲ್ಲೇ ಇಳಿಸಿಕೊಳ್ಳಿ. ಪುಸ್ತಕ ಬೇಕೆನ್ನುವವರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿಪುಕ್ಕ’ ಕನ್ನಡದಲ್ಲೇ ಇದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವ ಚಟ ಬಿಡಿ. ತನ್ನ ಜಾಗಕ್ಕೆ ಬೇರೆ ಗಂಡು ಬಂತೆಂದು ಹಕ್ಕಿ ಗೂಡು ಬಿಟ್ಟು ಓಡಾಡುತ್ತದೆ.

ಹುಲಿ ಸಂರಕ್ಷಿತ ಪ್ರದೇಶದೊಳಗೆ ಅನುಮತಿಯಿಲ್ಲದೆ ಕಾಲ್ನಡಿಗೆ ಕೂಡದು. ದಾಂಡೇಲಿಯ ಬಳಿ ಕಾಳಿಯಲ್ಲಿ ಮೊಸಳೆಗಳಿವೆ, ಫೋಟೋಕ್ಕೆಂದು ನೀರಿಗಿಳಿಯಬೇಡಿ. ಜಿಲ್ಲೆಯ ಕೆಲವೆಡೆ ಬೇಸಿಗೆಯಲ್ಲಿ ಮಂಗನ ಕಾಯಿಲೆಯ ಭಯವಿರುವುದರಿಂದ, ಉಣುಗು ಹತ್ತದಂತೆ ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿ, ಮರಳಿ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ.

ಕೊನೆಯ ಮಾತು ಪ್ರವಾಸಿಗರಿಗಲ್ಲ, ಈ ನಾಲ್ಕು ತಾಲ್ಲೂಕುಗಳಲ್ಲಿ ಮಾಲ್ಕಿ ಜಮೀನು ಇರುವವರಿಗೆ. ಗದ್ದೆಯ ಬದುವಿನಲ್ಲೋ ತೋಟದ ಅಂಚಿನಲ್ಲೋ ಪೊಟರೆ ಬಿದ್ದ ತಾರೆ, ಮತ್ತಿ, ಹೊನ್ನೆ ಮರವಿದ್ದರೆ, ಹಣ್ಣು ಬಿಡುವ ಬಸರಿಯೋ ಅತ್ತಿಯೋ ಇದ್ದರೆ, ನಾಟಾಕ್ಕೆ ಬಾರದ್ದೆಂದು ಕಡಿಸಬೇಡಿ. ಸಾಗುವಾನಿ ನೆಡುತೋಪಿನ ಎಳೆಯ ಮರಗಳಲ್ಲಿ ಮಂಗಟ್ಟೆ ಹೊಗುವಷ್ಟು ದೊಡ್ಡ ಪೊಟರೆ ಆಗುವುದಿಲ್ಲ. ಒಮ್ಮೆ ಒಗ್ಗಿದ ಪೊಟರೆಗೆ ಜೋಡಿ ವರ್ಷ ವರ್ಷವೂ ಬರುತ್ತದೆ. ಗೂಡು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ವಾಟ್ಸ್‌ಆ್ಯಪ್ ಗುಂಪಿಗೆ ಮಾತ್ರ ಹಾಕಬೇಡಿ.